ಗಾಡ್ಯಾಗ ಯಾರ್ಯಾರ ಕೂಡತಾರ?

ಮುಧೋಳದಿಂದ ಜಮಖಂಡಿಗೆ ಹೋಗುವ ರಸ್ತೆಯಲ್ಲಿದ್ದ ಆ ಅಂಗಡಿಗೆ ಟೈರು ಕೊಳ್ಳಲು ಹೋದವರನ್ನು ಅದರ ಒಡತಿ, ಊರಿಗೆಲ್ಲ ಚಿಕ್ಕಮ್ಮನಾದ ಕಾಕು, ಮೊದಲು ಕೇಳುತ್ತಿದ್ದದ್ದು ಗಾಡಿ ಯಾವುದು ಎಂದಲ್ಲ, ಎಷ್ಟರೊಳಗೆ ಬೇಕು ಎಂದೂ ಅಲ್ಲ. 'ಗಾಡ್ಯಾಗ ಯಾರ್ಯಾರ ಕೂಡತಾರ?' ಎಂದು ಕೇಳುತ್ತಿದ್ದರು. ಹೊಸಬರಿಗೆ ಗಲಿಬಿಲಿಯಾಗುತ್ತಿತ್ತು. ಟೈರಿಗೂ ಗಾಡಿಯಲ್ಲಿ ಕೂರುವವರ ಲೆಕ್ಕಕ್ಕೂ ಏನು ಸಂಬಂಧ ಎಂದು ಮುಖ ಮುಖ ನೋಡಿಕೊಂಡು, ಕಡೆಗೆ ನಮ್ಮವ್ವ, ಹೆಂಡತಿ, ಎರಡು ಮಕ್ಕಳು ಎಂದು ಬೆರಳು ಮಡಚುತ್ತಿದ್ದರು. ಅಲ್ಲಿಯವರೆಗೆ ಕಾಕು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೂತಿರುತ್ತಿದ್ದರು.

ಹೋದ ತಿಂಗಳು ಕಾಕು ತೀರಿಕೊಂಡರು. ಅಂದಿನಿಂದ ಊರಲ್ಲಿ ಎಲ್ಲಿ ನಾಲ್ಕು ಜನ ಕೂಡಿದರೂ ಆ ಪ್ರಶ್ನೆಯದೇ ಮಾತು. ಕಾಕು ಅದನ್ನು ಹುಟ್ಟುವಾಗಲೇ ಬಾಯಲ್ಲಿ ಇಟ್ಟುಕೊಂಡು ಬಂದಿದ್ದರು ಎನ್ನುವ ಹಾಗೆ ಹೇಳುತ್ತಾರೆ. ಅದು ನಿಜವಲ್ಲ. ನಾನು ಮೊದಲು ಅವರ ಅಂಗಡಿಗೆ ಹೋದಾಗ ಅವರು ಹಾಗೆ ಕೇಳುತ್ತಿರಲಿಲ್ಲ. ಆ ಪ್ರಶ್ನೆ ಬಂದದ್ದು ನನ್ನ ಒಂದು ತಪ್ಪಿನಿಂದ. ಅದನ್ನು ಒಪ್ಪಿಕೊಳ್ಳದೆ ಅವರ ಬಗ್ಗೆ ಏನು ಬರೆದರೂ ಅರ್ಧ ಸುಳ್ಳು ಬರೆದಂತೆ.

ಕಾಕು ಕುರಿ ಕಾಯುವ ಮನೆತನದವರು. ತವರು ಬೀಳಗಿ ಕಡೆ. ಆ ಊರು ಈಗ ಹಿನ್ನೀರಿನೊಳಗಿದೆ. ಗಂಡ ವರ್ಷದಲ್ಲಿ ಎಂಟು ತಿಂಗಳು ಕುರಿಗಳ ಹಿಂದೆ ಊರೂರು ನಡೆಯುವ ಮನುಷ್ಯ. ಅಂಗಡಿ ಗಂಡನದಲ್ಲ, ಕಾಕುವಿನದೇ. ಸುತ್ತಲೂ ಸಕ್ಕರೆ ಕಾರ್ಖಾನೆಗಳು ಬಂದು, ಕಬ್ಬು ಹೇರುವ ಎತ್ತಿನ ಬಂಡಿಗಳು ಕಟ್ಟಿಗೆಯ ಗಾಲಿ ಬಿಟ್ಟು ಟೈರಿನ ಮೇಲೆ ಓಡತೊಡಗಿದಾಗ, ಜೀಪಿನವರು ಲಾರಿಯವರು ಬಿಸಾಕಿದ ಟೈರುಗಳನ್ನು ಆರಿಸಿ ತಂದು ಬಂಡಿಯವರಿಗೆ ಹೊಂದಿಸಿಕೊಡುವುದರಿಂದ ಶುರುವಾದದ್ದು. ನಾನು ನೋಡುವಷ್ಟರಲ್ಲಿ ಹೊಸ ಟೈರುಗಳೂ ಬಂದಿದ್ದವು, ಗಾಳಿ ತುಂಬುವ ಕಂಪ್ರೆಸರ್ ಬಂದಿತ್ತು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ತೋಳು ಮಡಚಿ, ಅಡ್ಡ ಹಾಕಿದ ಟ್ರ್ಯಾಕ್ಟರ್ ಟೈರಿನ ಮೇಲೆ ಕೂತಿರುತ್ತಿದ್ದರು. ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ, ಅದರೊಳಗೊಂದು ಸುಣ್ಣದ ಡಬ್ಬಿ. ಹೊಸ ಟೈರು ಯಾರ ಗಾಡಿಗೆ ಹೋದರೂ ಅದಕ್ಕೆ ಬೀರೇಶ್ವರನ ಭಂಡಾರದ ಅರಿಶಿನ ಒಂದು ಚಿಟಿಕೆ ಹಚ್ಚಿಯೇ ಕಳಿಸುವುದು.

ಟೈರನ್ನು ಅವರು ನೋಡುತ್ತಿದ್ದದ್ದು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ. ಸಂತೆಯಲ್ಲಿ ಅವರಪ್ಪ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದನಂತೆ. ಇವರು ಹಾಗೆಯೇ ಟೈರಿನ ಗೆರೆಗಳ ನಡುವೆ ಹೆಬ್ಬೆರಳು ಇಳಿಸಿ, ಕಣ್ಣು ಬೇರೆಲ್ಲೋ ಇಟ್ಟು, ಎಷ್ಟು ಓಡಿದೆ, ಯಾವ ರಸ್ತೆಯಲ್ಲಿ ಓಡಿದೆ, ಓಡಿಸುವವನು ಎಂಥವನು ಎಂದು ಹೇಳಿಬಿಡುತ್ತಿದ್ದರು. ಒಮ್ಮೆ ಬಂಡಿಯವನೊಬ್ಬ ತನ್ನ ಎತ್ತಿನ ಹೆಗಲು ಹುಣ್ಣಾಗಿದೆ, ದನದ ಡಾಕ್ಟರರ ಔಷಧ ನಾಟುತ್ತಿಲ್ಲ ಎಂದು ಅಲ್ಲೇ ಯಾರ ಹತ್ತಿರವೋ ಗೋಳು ಹೇಳಿಕೊಳ್ಳುತ್ತಿದ್ದ. ಕಾಕು ಎದ್ದು ಹೋಗಿ ಬಂಡಿಯ ಎರಡೂ ಟೈರಿನ ಎತ್ತರವನ್ನು ಗೇಣಿನಿಂದ ಅಳೆದರು. ಒಂದು ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡ. ಭಾರವೆಲ್ಲ ಒಂದೇ ಎತ್ತಿನ ಮೇಲೆ ಬೀಳುತ್ತಿತ್ತು. ಔಷಧ ಹಚ್ಚಬೇಕಾದದ್ದು ಎತ್ತಿಗಲ್ಲ, ಬಂಡಿಗೆ ಎಂದು ಗಿಡ್ಡ ಟೈರನ್ನು ಬದಲಿಸಿದರು. ಹದಿನೈದು ದಿನಕ್ಕೆ ಹುಣ್ಣು ಒಣಗಿತು. ಅವರು ಗೇಣು ಹಾಕಿ ಅಳೆದ ದಿನ ನಾನು ಅಲ್ಲೇ ಇದ್ದೆ. ಇಷ್ಟು ವರ್ಷದ ಮೇಲೆ ನೆನೆದರೂ ಬೆರಗಾಗುತ್ತದೆ.

ಇನ್ನು ನನ್ನ ಪುರಾಣ. ನನ್ನದು ರಬಕವಿ-ಬನಹಟ್ಟಿಯ ಮಗ್ಗಗಳಿಗೆ ಬಿಡಿಭಾಗ ಒಯ್ದು ಕೊಡುವ, ಕೆಟ್ಟದ್ದನ್ನು ರಿಪೇರಿ ಮಾಡುವ ಕೆಲಸ. ಹೆಂಡತಿ ರನ್ನಬೆಳಗಲಿ ಎಂಬ ಊರಿನ ಶಾಲೆಯಲ್ಲಿ ಶಿಕ್ಷಕಿ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಅವಳ ಎಡಗಾಲಲ್ಲಿ ಬಲವಿಲ್ಲ. ಬಸ್ಸಿನ ಮೆಟ್ಟಿಲು ಅವಳಿಗೆ ಗೋಡೆಯಿದ್ದಂತೆ. ಅದಕ್ಕೇ ತನ್ನ ಸಂಬಳದಲ್ಲಿ ಉಳಿಸಿ ಒಂದು ಹಳೆಯ ಸಣ್ಣ ಕಾರು ಕೊಂಡಿದ್ದಳು. ದಿನಾ ಮುಂಜಾನೆ ಅವಳನ್ನು ಬೆಳಗಲಿಯಲ್ಲಿ ಇಳಿಸಿ ನಾನು ಬನಹಟ್ಟಿಗೆ ಹೋಗುವುದು, ಸಂಜೆ ಕರೆದುಕೊಂಡು ಬರುವುದು. ಕಾರು ಅವಳದು, ಓಡಿಸುವವನು ಮಾತ್ರ ನಾನು. ಈ ಮಾತನ್ನು ನಾನು ಬೇಗ ಮರೆತಿದ್ದೆ.

ಮರೆಯಲು ಕಾರಣ ಡಬ್ಬಿ ಓಟ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿ ಬಂದ ನನ್ನೊಬ್ಬ ಗೆಳೆಯ ಆಟೋಕ್ರಾಸ್ ಎಂಬ ಆಟವನ್ನು ನಮ್ಮ ಕಡೆ ತಂದ. ಹುನ್ನೂರ ಹತ್ತಿರ ಅವನದೇ ಹೊಲ. ಕಬ್ಬು ಕಡಿದು ಖಾಲಿ ಬಿಟ್ಟಾಗ ನೆಲ ಸಮ ಮಾಡಿ, ಸುಣ್ಣ ಬಳಿದ ತಗಡಿನ ಡಬ್ಬಿಗಳನ್ನು ಸೊಟ್ಟಪಟ್ಟ ಇಡುತ್ತಿದ್ದ. ಒಂದು ಸಲಕ್ಕೆ ಒಂದೇ ಕಾರು. ಡಬ್ಬಿಗಳ ನಡುವೆ ಹಾದು ಸುತ್ತಿಬರಲು ಯಾರು ಕಡಿಮೆ ಹೊತ್ತು ತೆಗೆದುಕೊಳ್ಳುತ್ತಾರೋ ಅವರು ಗೆದ್ದಂತೆ. ಡಬ್ಬಿಗೆ ತಾಗಿದರೆ ದಂಡವಾಗಿ ಎರಡು ಸೆಕೆಂಡು ಸೇರಿಸುವುದು. ಗೆದ್ದವನಿಗೆ ಒಂದು ಬೆಲ್ಲದ ಪೆಂಟೆ, ಹತ್ತು ಕಿಲೋದ ಗಟ್ಟಿ. ಎಂಟು ಹತ್ತು ಜನ ಸೇರುತ್ತಿದ್ದೆವು, ಎಲ್ಲರದೂ ಮನೆಯ ಕಾರುಗಳೇ. ಮೂವತ್ತೆಂಟರ ವಯಸ್ಸಿನಲ್ಲಿ ನನಗೆ ಆ ಆಟದ ಹುಚ್ಚು ಹಿಡಿಯಿತು. ಹೆಂಡತಿ ಬೇಡ ಎನ್ನಲಿಲ್ಲ. ಕಾರಿಗೆ ಒಂದೇ ಸೆಟ್ಟು ಟೈರು ಕೊಳ್ಳುವ ಶಕ್ತಿ ನಮಗಿದೆ, ನಿನ್ನ ಆಟ ನನ್ನ ಶಾಲೆಗೆ ಅಡ್ಡ ಬಂದ ದಿನ ಆಟ ಮುಗಿಯಿತು ಎಂದಷ್ಟೇ ಹೇಳಿದ್ದಳು.

ಹೀಗಾಗಿ ದಿನದ ಓಡಾಟಕ್ಕೂ ಆಟಕ್ಕೂ ಎರಡಕ್ಕೂ ಸಲ್ಲುವ, ಕೈಗೆಟಕುವ ಟೈರು ಬೇಕಾಗಿ ಕಾಕುವಿನ ಅಂಗಡಿಗೆ ಹೋದೆ. ಡಬ್ಬಿ ಓಟದ ಸುದ್ದಿ ಎತ್ತಲಿಲ್ಲ, ಹೆಂಗಸಿಗೆ ಅದೇನು ತಿಳಿದೀತು ಎಂಬ ಗತ್ತು. ಕಾಕು ಹೊಸ ಟೈರು ತೋರಿಸಲಿಲ್ಲ. ನನ್ನ ಹಳೆಯ ಟೈರುಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳು ಆಡಿಸಿದರು. ಮುಂದಿನ ಎಡಗಡೆಯ ಟೈರಿನ ಹೊರ ಅಂಚಿನಲ್ಲಿ ಕೈ ನಿಂತಿತು.

"ರಸ್ತಾದಾಗ ಓಡಿದ್ರ ಹಿಂಗ ಸವಿಯೂದಿಲ್ಲ. ಗಾಣಕ್ಕ ಹೂಡಿದ ಎತ್ತಿನಂಗ ಒಂದ ಕಡೆ ತಿರುಗಾಕತ್ತೀರಿ. ಎಲ್ಲಿ ತಿರುಗತೀರಿ, ಖರೆ ಹೇಳ್ರಿ" ಎಂದರು.

ಡಬ್ಬಿಗಳನ್ನು ನಾವು ಬಲಕ್ಕೆ ಸುತ್ತುವಂತೆ ಇಡುತ್ತಿದ್ದೆವು. ಬಹಳಷ್ಟು ತಿರುವುಗಳಲ್ಲಿ ಭಾರ ಎಡಕ್ಕೆ ಬೀಳುತ್ತಿತ್ತು. ಕಳ್ಳ ಸಿಕ್ಕಿಬಿದ್ದಂತೆ ಎಲ್ಲ ಒಪ್ಪಿಕೊಂಡೆ. ಕಿಸೆಯಿಂದ ಒಂದು ಚೀಟಿಯನ್ನೂ ತೆಗೆದೆ. ಗೆಳೆಯ ಇಂಟರ್‌ನೆಟ್‌ನಲ್ಲಿ ನೋಡಿ ಬರೆದುಕೊಟ್ಟ ಅಗಲವಾದ, ಮೆದು ರಬ್ಬರಿನ ಟೈರುಗಳ ಹೆಸರುಗಳಿದ್ದವು. ನೆಲಕ್ಕೆ ಅಂಟಿಕೊಂಡು ಓಡುತ್ತವೆ, ಬೆಲೆ ಮಾತ್ರ ದುಪ್ಪಟ್ಟು ಎಂದೆ. ಕಾಕು ಚೀಟಿ ನೋಡಲಿಲ್ಲ. ವರ್ಷಕ್ಕೆ ಎಷ್ಟು ದಿನ ಡಬ್ಬಿ ಸುತ್ತುತ್ತೀರಿ ಎಂದು ಕೇಳಿದರು. ನಾಲ್ಕೋ ಐದೋ ಎಂದೆ. ಐದು ದಿನದ ಸಲುವಾಗಿ ಉಳಿದ ಇಡೀ ವರ್ಷಕ್ಕೆ ಮೋಸ ಮಾಡುವ ಟೈರನ್ನು ತಾನು ಕೊಡುವುದಿಲ್ಲ, ಮೊದಲು ಆ ಹೊಲ ತೋರಿಸಿ ಎಂದರು.

ಮುಂದಿನ ರವಿವಾರ ಅವರನ್ನು ಹುನ್ನೂರಿಗೆ ಕರೆದೊಯ್ದೆ. ಗೆಳೆಯರೆಲ್ಲ ಒಳಗೊಳಗೇ ನಗುತ್ತಿದ್ದರು. ಕಾಕು ಚಪ್ಪಲಿ ಬಿಟ್ಟು, ಡಬ್ಬಿಗಳ ನಡುವೆ ನಮ್ಮ ಕಾರುಗಳು ಓಡುವ ದಾರಿಯನ್ನೇ ಹಿಡಿದು ಬರಿಗಾಲಲ್ಲಿ ಪೂರಾ ಒಂದು ಸುತ್ತು ನಡೆದರು. ಮೂರು ಕಡೆ ಬಗ್ಗಿ ಮಣ್ಣು ಹಿಡಿದು ಬಿಟ್ಟರು. ವಾಪಸು ಬಂದು, "ರೊಟ್ಟಿ ಬಡಿಯೂ ಹಲಗಿ ಮ್ಯಾಲ ಹಿಟ್ಟ ಉದುರಿಸಿದಂಗ ಐತಿ. ಕೆಳಗ ಗಟ್ಟಿ, ಮ್ಯಾಲ ಪುಡಿ. ಅಗಲ ಟೈರ್ ಪುಡಿ ಮ್ಯಾಲ ತೇಲತೇತಿ. ಸಣ್ಣದಾದ್ರ ಪುಡಿ ಕತ್ತರಿಸಿ ಕೆಳಗಿನ ಗಟ್ಟಿ ಹಿಡೀತೇತಿ" ಎಂದರು. ಎಂಜಿನಿಯರ್ ಗೆಳೆಯನ ಬಾಯಲ್ಲಿದ್ದ ನಗು ಅಲ್ಲೇ ನಿಂತಿತು. ಎರಡು ವರ್ಷದಿಂದ ನಮ್ಮ ಕಾರುಗಳು ಏಕೆ ಜಾರುತ್ತಿದ್ದವೆಂದು ಅವನಿಗೆ ಅಂದೇ ಹೊಳೆದದ್ದಂತೆ.

ಕಾಕು ಆರಿಸಿಕೊಟ್ಟದ್ದು ಸರಕು ಸಾಗಿಸುವ ಸಣ್ಣ ವ್ಯಾನುಗಳಿಗೆ ಹಾಕುವ ಟೈರು. ನಮ್ಮ ಕಾರಿನ ಗಾಲಿಗೆ ಸರಿಯಾಗಿ ಕೂಡುವಂಥದು. ಅಗಲ ಕಡಿಮೆ, ಪಕ್ಕೆ ಗಟ್ಟಿ, ಬೆಲೆ ನನ್ನ ಚೀಟಿಯಲ್ಲಿದ್ದದ್ದರ ಅರ್ಧಕ್ಕಿಂತ ಕಡಿಮೆ, ಬಾಳಿಕೆಯೋ ಎರಡರಷ್ಟು. ಟೈರಿನ ಪಕ್ಕೆಯ ಮೇಲೆ ಅದು ತಯಾರಾದ ವಾರ, ವರ್ಷದ ನಾಲ್ಕು ಅಂಕಿ ಇರುತ್ತವೆ. ಶಾಲೆಯ ಮುಖ ಕಾಣದ ಕಾಕು ಅದನ್ನು ಓದಿ, ನಾಲ್ಕೂ ಒಂದೇ ವಯಸ್ಸಿನವು ಸಿಗುವವರೆಗೆ ನನ್ನನ್ನು ಎರಡು ವಾರ ಕಾಯಿಸಿದರು.

ಹೊಸ ಟೈರು ಹಾಕಿದ ಮೇಲೆ ಹೊಲಕ್ಕೆ ಇನ್ನೊಮ್ಮೆ ಬಂದರು. ಅಂದು ಕಂಡದ್ದನ್ನು ನಾನು ಯಾರಿಗೆ ಹೇಳಿದರೂ ಕೈಯಾಡಿಸಿ ತೋರಿಸದೆ ಹೇಳಲಾರೆ. ಕಾಕು ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಪ್ರತಿ ಟೈರಿನ ಅಂಚಿನಿಂದ ಪಕ್ಕೆಯ ಕಡೆಗೆ ಬೆರಳಿನಲ್ಲಿ ಒಂದು ಗೆರೆ ಎಳೆದರು. ಸುತ್ತಿ ಬನ್ನಿ ಎಂದರು. ಬಂದಾಗ ಮುಂದಿನ ಟೈರಿನ ಗೆರೆ ಮುಕ್ಕಾಲು ಅಳಿಸಿಹೋಗಿತ್ತು. ತಿರುವಿನಲ್ಲಿ ಟೈರು ಮಗ್ಗುಲಾಗಿ ಪಕ್ಕೆಯ ಮೇಲೆ ಓಡುತ್ತಿದೆ, ಗಾಳಿ ಸಾಲದು ಎಂದು ಪಂಪಿನಿಂದ ಗಾಳಿ ಹೊಡೆಸಿದರು. ಮತ್ತೆ ಗೆರೆ, ಮತ್ತೆ ಸುತ್ತು. ಮೂರನೆಯ ಸಲಕ್ಕೆ ಸುಣ್ಣ ಅಂಚಿನಷ್ಟೇ ಅಳಿಸಿತ್ತು. ಈಗ ಟೈರು ಕಾಲೂರಿ ಓಡುತ್ತಿದೆ ಎಂದರು. ಸ್ಟೀರಿಂಗ್ ಹಿಡಿದಿದ್ದ ನನ್ನ ಕೈಗೂ ಅದು ತಿಳಿದಿತ್ತು. ಕಾರು ಮೊದಲ ಸಲ ನಾನು ಹೇಳಿದಲ್ಲಿಗೆ ಹೋಗುತ್ತಿತ್ತು. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. ಕಬ್ಬಿನ ಬಂಡಿಗೆ ಹೇರು ಹೆಚ್ಚಾಗಿದೆಯೋ ಇಲ್ಲವೋ ನೋಡಲು ತಾನು ಮೊದಲಿನಿಂದ ಹೀಗೆ ಮಾಡುತ್ತೇನೆ, ಕಲಿಸಲು ಯಾರಿದ್ದರು ಎಂದರು.

ಹೊರಡುವಾಗ ಒಂದೇ ಮಾತು ಹೇಳಿದರು. "ಹೊಲಕ್ಕ ಮೂವತ್ತೆಂಟು ಪೌಂಡ್ ಗಾಳಿ, ರಸ್ತಾಕ್ಕ ಇಪ್ಪತ್ತಾರು. ಹೊಲದ ಗಾಳಿ ಹೊಲದಾಗ ಬಿಟ್ಟು ಬರಬೇಕು."

ಮುಂದಿನ ಓಟದಲ್ಲಿ ನಾನು ಗೆದ್ದೆ. ಎಂಟು ಕಾರುಗಳಲ್ಲಿ ಮೊದಲನೆಯವನು. ಬೆಲ್ಲದ ಪೆಂಟೆಯನ್ನು ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಮಲಗಿಸಿಕೊಂಡು ಹಾಡುತ್ತ ಮನೆಗೆ ಬಂದೆ. ಗಾಳಿ ಇಳಿಸಬೇಕೆಂಬುದು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಗಿತ್ತು. ಗೆದ್ದ ಗಾಳಿ, ಒಂದು ದಿನ ಇರಲಿ ಎನಿಸಿತ್ತು. ಇದಕ್ಕಿಂತ ಹುಚ್ಚು ವಿಚಾರ ನನ್ನ ತಲೆಗೆ ಬೇರೊಂದು ಬಂದಿಲ್ಲ.

ಮಾರನೆಯ ಮುಂಜಾನೆ ಬೆಳಗಲಿ ರಸ್ತೆ. ಕಬ್ಬಿನ ಹಂಗಾಮು. ಟ್ರ್ಯಾಕ್ಟರ್‌ಗಳಿಂದ ಬಿದ್ದ ಕಬ್ಬನ್ನು ಹಿಂದಿನ ಗಾಲಿಗಳು ತುಳಿದು ಜಜ್ಜಿ, ಅದರ ರಸಕ್ಕೆ ಎರೆಮಣ್ಣು ಕೂಡಿ, ಮೇಲೆ ಇಬ್ಬನಿ ಬಿದ್ದು ರಸ್ತೆ ಎಣ್ಣೆ ಹಚ್ಚಿದಂತಿತ್ತು. ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿ ಇದು. ಪಕ್ಕದಲ್ಲಿದ್ದ ಹೆಂಡತಿಗೆ ನಾನು ಹಿಂದಿನ ದಿನದ ತಿರುವುಗಳನ್ನು ಬಣ್ಣಿಸುತ್ತಿದ್ದೆ. ಮುಂದೆ ಹೋಗುತ್ತಿದ್ದ ಬಂಡಿ ಕಂಡು ಬ್ರೇಕ್ ಒತ್ತಿದೆ. ಹಗುರ ಕಾರು, ಕಲ್ಲಿನ ಹಾಗೆ ಬಿಗಿದ ಟೈರು, ನೆಲಕ್ಕೆ ತಾಗಿದ್ದು ಎರಡು ಬೆರಳಿನಷ್ಟೋ ಏನೋ. ಕಾರು ಅಡ್ಡ ತಿರುಗಿ, ಜಾರಿಕೊಂಡು ಹೋಗಿ, ಕಾಲುವೆಯ ದಂಡೆಯ ಮೇಲೆ ಒಂದು ಗಾಲಿ ಗಾಳಿಯಲ್ಲಿ ತೂಗುತ್ತ ನಿಂತಿತು. ಅವಳು ಕೂತ ಬದಿಯೇ ನೀರಿನ ಕಡೆ ಇತ್ತು.

ಬಂಡಿಯವರು ಓಡಿಬಂದು ನನ್ನ ಬಾಗಿಲಿನಿಂದ ಅವಳನ್ನು ಹೊರಗೆ ಎಳೆದುಕೊಂಡರು. ಮೈಗೆ ಏನೂ ಆಗಿರಲಿಲ್ಲ. ನನ್ನ ಕಡೆ ತಿರುಗಿಯೂ ನೋಡದೆ ಕಬ್ಬಿನ ಬಂಡಿಯ ಮೇಲೆ ಕೂತು ಶಾಲೆಗೆ ಹೋದಳು. ಮರುದಿನದಿಂದ ಬಸ್ಸು. ಯಾರೋ ಕೈ ಹಿಡಿದು ಎಳೆಯಬೇಕು, ಯಾರೋ ಹಿಂದಿನಿಂದ ಎತ್ತಬೇಕು. ನಾನು ದೂರ ನಿಂತು ನೋಡುತ್ತಿದ್ದೆ. ಅವಳು ಇನ್ನು ನನ್ನ ಪಕ್ಕದಲ್ಲಿ ಕೂಡುವುದಿಲ್ಲ ಎಂಬುದು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಹೋಯಿತು. ಹತ್ತು ದಿನದ ಮೇಲೆ, ನಾಚಿಕೆಯಿಲ್ಲದೆ, ಟೈರು ಸರಿಯಿಲ್ಲ ಎಂದು ಕಾಕುವಿನ ಹತ್ತಿರ ಜಗಳಕ್ಕೆ ಹೋದೆ.

ಕಾಕು ಎದ್ದರು. ಬಂದು ಮುಂದಿನ ಟೈರಿಗೆ ಹೆಬ್ಬೆರಳು ಒತ್ತಿದರು. ಹಿಂದಿನದಕ್ಕೂ ಒತ್ತಿದರು. ಹೊಲದ ಗಾಳಿ ಇನ್ನೂ ಹಾಗೇ ಇತ್ತು. ಹತ್ತು ದಿನವಾದರೂ ನಾನು ಅದನ್ನು ಮುಟ್ಟಿರಲಿಲ್ಲ. ನನ್ನ ಮುಖ ನೋಡಿ, ಅಂದು ಕಾರಿನಲ್ಲಿ ಯಾರಿದ್ದರು ಎಂದು ಕೇಳಿದರು. ಹೇಳಿದೆ. ಅವಳ ಕಾಲಿನ ಸಂಗತಿಯನ್ನೂ ಹೇಳಿದೆ. ಕಾಕು ಬಾಯಲ್ಲಿದ್ದ ಎಲೆ ಉಗುಳಿದರು. ಆಮೇಲೆ ಅಂಗಡಿಯ ಬಾಗಿಲು ಎಳೆದು, ನಿಮ್ಮ ಮನೆಗೆ ನಡೆ ಎಂದರು. ಅಂದಿನಿಂದ ನನಗೆ 'ರೀ' ಹೋಯಿತು, ತಮ್ಮಾ ಎಂದು ಕರೆಯತೊಡಗಿದರು.

ನಮ್ಮ ಮನೆಯ ಕಟ್ಟೆಯ ಮೇಲೆ ನನ್ನ ಹೆಂಡತಿಯ ಪಕ್ಕದಲ್ಲಿ ಕೂತು ಕಾಕು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಅಕ್ಕಾರ, ತಪ್ಪು ನನ್ನದೂ ಐತಿ. ಗಾಡಿ ಯಾರ ಹೊಡೀತಾರ, ಎಲ್ಲಿ ಹೊಡೀತಾರ ಅಂತ ನೋಡಿ ಟೈರ್ ಕೊಟ್ಟೆ. ಯಾರ ಕೂಡತಾರ ಅಂತ ಕೇಳಲಿಲ್ಲ. ಟೈರ್ ಕೂಡೂರ ಸಲುವಾಗಿ ಇರತೇತಿ, ಹೊಡಿಯೂರ ಸಲುವಾಗಿ ಅಲ್ಲ."

ಆರಿಸಿದ್ದು ಅವರು, ಕೆಡಿಸಿದ್ದು ನಾನು. ತಮ್ಮದಲ್ಲದ ತಪ್ಪನ್ನು ಹೀಗೆ ಸಲೀಸಾಗಿ ಹೊತ್ತುಕೊಂಡವರನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ನನ್ನ ತಲೆ ತಾನಾಗಿ ಬಗ್ಗಿತು. ಆಟ ಬಿಡಿಸಬೇಡಿ, ಗಾಳಿ ಮಾತ್ರ ನಿಮ್ಮ ಕೈಯಲ್ಲಿಟ್ಟುಕೊಳ್ಳಿ ಎಂದು ಕಾಕು ಅವಳನ್ನು ಕಾರಿನ ಹತ್ತಿರ ಕರೆದುಕೊಂಡು ಹೋದರು. ಕೂಡಲು ಒಂದು ಕುರ್ಚಿ ತರಿಸಿ, ಅವಳ ಹೆಬ್ಬೆರಳು ಹಿಡಿದು ಟೈರಿಗೆ ಒತ್ತಿಸಿದರು. ಇದು ಮೂವತ್ತೆಂಟು ಎಂದರು. ನನ್ನಿಂದ ಗಾಳಿ ಬಿಡಿಸಿ, ಇದು ಇಪ್ಪತ್ತಾರು, ಎರಡನ್ನೂ ಬೆರಳಿನಲ್ಲಿ ನೆನಪಿಟ್ಟುಕೊಳ್ಳಿ ಎಂದರು. ಅವಳು ಒಂದೇ ಟೈರಿಗೆ ಎಷ್ಟೋ ಸಲ ಒತ್ತಿ ನೋಡಿದಳು. ಕಡೆಗೆ ಕಾರಿನ ಬಾಗಿಲು ತೆರೆದು, ತನ್ನ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಕೂತಳು. ಕಾಕುವನ್ನು ಅಂಗಡಿಗೆ ಬಿಟ್ಟು ಬರೋಣ, ನಡೆ ಎಂದಳು.

ಅಂದಿನಿಂದ ಇಂದಿನವರೆಗೆ ಅವಳು ನಾಲ್ಕೂ ಟೈರು ಒತ್ತಿ ನೋಡದೆ ಕಾರು ಹತ್ತಿಲ್ಲ. ಡಬ್ಬಿ ಓಟ ಇನ್ನೂ ನಾಲ್ಕು ವರ್ಷ ನಡೆಯಿತು. ನಾನು ಮತ್ತೆ ಗೆಲ್ಲಲಿಲ್ಲ, ಎರಡನೆಯವನೋ ಮೂರನೆಯವನೋ ಆಗಿ ಖುಷಿಯಾಗಿ ಮನೆಗೆ ಬರುತ್ತಿದ್ದೆ. ಹೊಲ ಬಿಡುವ ಮೊದಲು ಗಾಳಿ ಇಳಿಸುತ್ತಿದ್ದೆ. ಮನೆಗೆ ಬಂದ ಮೇಲೆ ಅವಳು ಮತ್ತೆ ಒತ್ತಿ ನೋಡುತ್ತಿದ್ದಳು. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವೇನು ಎಂದು ಒಮ್ಮೆ ಕೇಳಿದ್ದಕ್ಕೆ, ಕಾಕುವಿನ ಮಾತಿನ ಮೇಲೆ ಇದೆ ಎಂದಳು.

ಕಾಕು ತೀರಿಕೊಂಡ ಸುದ್ದಿ ಬಂದಾಗ ಇಬ್ಬರೂ ಹೋದೆವು. ಅವರ ಮಂದಿಯ ಪದ್ಧತಿಯಂತೆ ಅವರನ್ನು ಕೂಡಿಸಿ, ಹಣೆ ತುಂಬ ಭಂಡಾರ ಹಚ್ಚಿ, ಅಂಗಡಿಯ ಮುಂದೆಯೇ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಇಟ್ಟಿದ್ದರು. ಹೊಲಕ್ಕೆ ಒಯ್ದು ಮಣ್ಣು ಮಾಡಬೇಕಿತ್ತು. ಡೊಳ್ಳು ಶುರುವಾಗಿತ್ತು. ಬಂಡಿಯವರು, ಲಾರಿಯವರು, ಹುನ್ನೂರಿನ ಡಬ್ಬಿ ಓಟದ ಗೆಳೆಯರು ಎಲ್ಲರೂ ಸೇರಿದ್ದರು. ನನ್ನ ಹೆಂಡತಿ ಕೋಲು ಊರುತ್ತ ಜನರ ನಡುವೆ ಹಾದು ಟ್ರೇಲರಿನ ಹತ್ತಿರ ಹೋದಳು. ಕೈ ಮುಗಿಯಲು ಹೋದಳು ಎಂದುಕೊಂಡೆ. ಅವಳು ಬಗ್ಗಿ ಟ್ರೇಲರಿನ ಟೈರಿಗೆ ಹೆಬ್ಬೆರಳು ಒತ್ತಿದಳು. ಆ ಕಡೆಗೂ ಹೋಗಿ ಒತ್ತಿದಳು. ಮತ್ತೆ ಈ ಕಡೆಗೆ ಬಂದಳು.

"ತಮ್ಮಾ, ಇದರಾಗ ಯಾರ ಕೂಡತಾರ?" ಎಂದು ಟ್ರ್ಯಾಕ್ಟರಿನವನನ್ನು ಕೇಳಿದಳು.

ಅವನಿಗೆ ತಿಳಿಯಲಿಲ್ಲ. "ಕಾಕು ಕುಂತಾರಲ್ರೀ, ಅಕ್ಕಾರ" ಎಂದ.

"ಹಂಗಾದ್ರ ಈ ಗಾಲಿಗೆ ಗಾಳಿ ಹಾಕು."

ಡೊಳ್ಳು ನಿಂತಿತು. ಕಾಕುವಿನ ಗಂಡ, ಜೀವನವಿಡೀ ಕುರಿಗಳ ಹಿಂದೆ ನಡೆದ ಆ ಮುದುಕ, ಹೆಗಲ ಕಂಬಳಿ ಕೆಳಗಿಟ್ಟು, ಸೊಂಟದಿಂದ ಕೀಲಿ ತೆಗೆದು ಹೆಂಡತಿಯ ಅಂಗಡಿಯ ಬಾಗಿಲು ಎತ್ತಿದ. ಯಾರೋ ಕಂಪ್ರೆಸರ್ ಶುರು ಮಾಡಿದರು. ಅದು ಗಡಗಡ ಸದ್ದು ಮಾಡಿ ಗಾಳಿ ತುಂಬಿಕೊಳ್ಳುವವರೆಗೆ ಅಷ್ಟೂ ಜನ ಕಾಯುತ್ತ ನಿಂತಿದ್ದರು, ಕಾಕು ಟ್ರೇಲರಿನಲ್ಲಿ ಕೂತಿದ್ದರು. ನಾನೇ ಪೈಪು ಹಿಡಿದು ಗಾಳಿ ಹೊಡೆದೆ, ಅವಳು ಹೆಬ್ಬೆರಳು ಒತ್ತಿ ಒತ್ತಿ ನೋಡುತ್ತಿದ್ದಳು. ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಸಾಕು ಎಂದಳು. ಪೈಪು ತೆಗೆದೆ. ಅವಳು ಎದ್ದು ನಿಂತು, ಸೆರಗಿನಿಂದ ಕೈ ಒರೆಸಿಕೊಂಡು, ಇನ್ನು ಒಯ್ಯಿರಿ ಎಂದಳು.